ಒಂಬೈನೂರು ಡಾಲರ್ ಬಾಕಿ: ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದ ಪ್ರಕರಣ

ಅಟ್ಲಾಂಟಾ ನಗರದ ನಡುಮಧ್ಯೆ ಇರುವ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರತಿ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಒಂದು ಪಟ್ಟಿ ತಯಾರಾಗುತ್ತಿತ್ತು. ಫೀಸು ಪೂರ್ತಿ ಕಟ್ಟದವರ ಪಟ್ಟಿ. ಗಡುವು ಮುಗಿಯಿತೆಂದರೆ ಅದರಲ್ಲಿದ್ದವರ ಹೆಸರು ಎಲ್ಲ ತರಗತಿಗಳಿಂದಲೂ ಹೋಗುತ್ತಿತ್ತು. ಒಂದೊಂದು ಸೆಮಿಸ್ಟರಿಗೂ ಸಾವಿರಕ್ಕೂ ಹೆಚ್ಚು ಜನ ಹೀಗೆ ಹೊರಬೀಳುತ್ತಿದ್ದರು. ಇದರಲ್ಲಿ ವಿಶೇಷವೇನೂ ಇಲ್ಲ, ಎಲ್ಲ ಕಾಲೇಜುಗಳಲ್ಲೂ ಇಂಥದ್ದೊಂದು ಪಟ್ಟಿ ಇದ್ದೇ ಇರುತ್ತದೆ. ನಮ್ಮಲ್ಲಿ ಅದು ಹಾಲ್ ಟಿಕೆಟ್ ಕೊಡುವ ವಾರ ಹೊರಬರುತ್ತದೆ, ಅಷ್ಟೇ ವ್ಯತ್ಯಾಸ.

ಆದರೆ ಅಲ್ಲಿನ ಆಡಳಿತದವರು ಆ ಪಟ್ಟಿಯನ್ನು ಕೂತು ಓದಿದರು. ಓದಿದಾಗ ಕಂಡದ್ದು: ಹೊರಬೀಳುತ್ತಿದ್ದವರಲ್ಲಿ ಬಹಳಷ್ಟು ಜನ ಫೇಲಾದವರಲ್ಲ. ಅಂಕ ಚೆನ್ನಾಗಿಯೇ ಇತ್ತು, ಕೆಲವರಿಗೆ ಡಿಗ್ರಿಗೆ ಒಂದೋ ಎರಡೋ ಸೆಮಿಸ್ಟರ್ ಮಾತ್ರ ಬಾಕಿ ಇತ್ತು. ಕಟ್ಟಬೇಕಾದ ಹಣ ಎಷ್ಟೋ ಸಲ ಸಾವಿರ ಡಾಲರಿಗಿಂತ ಕಡಿಮೆ, ಕೆಲವರದು ಕೆಲವೇ ನೂರು. 2011ರಲ್ಲಿ ವಿಶ್ವವಿದ್ಯಾಲಯ ಆ ಬಾಕಿಯನ್ನು ತಾನೇ ತುಂಬಿ ಅವರನ್ನು ತರಗತಿಗೆ ವಾಪಸ್ ಸೇರಿಸಲು ಶುರುಮಾಡಿತು. ಇಟ್ಟ ಹೆಸರು ಪ್ಯಾಂಥರ್ ರಿಟೆನ್ಷನ್ ಗ್ರಾಂಟ್. ಪ್ಯಾಂಥರ್ ಎಂದರೆ ಆ ವಿಶ್ವವಿದ್ಯಾಲಯದ ಲಾಂಛನದ ಚಿರತೆ.

ಹಣದ ನೆರವು ಕೊಟ್ಟರೆ ವಿದ್ಯಾರ್ಥಿಗಳು ಓದು ಮುಗಿಸುತ್ತಾರೆಯೇ ಎಂದು ಯಾರನ್ನು ಕೇಳಿದರೂ ಹೌದು ಎನ್ನುತ್ತಾರೆ. ಎಷ್ಟು ಹಣ, ಯಾವ ಹೊತ್ತಿಗೆ, ಯಾರ ಕೈಯಿಂದ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ. ಈ ಪ್ರಕರಣವನ್ನು ಆರಿಸಿಕೊಂಡದ್ದು ಅದಕ್ಕೇ.

ಲಾಟರಿ ದುಡ್ಡಿನ ಸ್ಕಾಲರ್‌ಶಿಪ್

ಒಂಬೈನೂರು ಡಾಲರ್ ಬಾಕಿ ಯಾಕೆ ಉಳಿಯುತ್ತಿತ್ತು ಎಂದು ತಿಳಿಯಬೇಕಾದರೆ ಜಾರ್ಜಿಯಾ ರಾಜ್ಯದ ಹೋಪ್ ಸ್ಕಾಲರ್‌ಶಿಪ್ ಕಥೆ ಗೊತ್ತಿರಬೇಕು. 1993ರಲ್ಲಿ ಗವರ್ನರ್ ಝೆಲ್ ಮಿಲ್ಲರ್ ರಾಜ್ಯ ಲಾಟರಿ ಶುರುಮಾಡಿ ಅದರ ಆದಾಯದಲ್ಲಿ ಈ ವಿದ್ಯಾರ್ಥಿವೇತನ ತಂದರು. ಹೈಸ್ಕೂಲಿನಲ್ಲಿ ಬಿ ಗ್ರೇಡ್ ಇದ್ದರೆ ಸರ್ಕಾರಿ ವಿಶ್ವವಿದ್ಯಾಲಯದ ಬೋಧನಾ ಶುಲ್ಕ ಪೂರ್ತಿ ಮಾಫಿ. ಮೊದಲ ವರ್ಷ 66,000 ಡಾಲರ್ ಕುಟುಂಬ ಆದಾಯದ ಮಿತಿ ಇತ್ತು, ಮರುವರ್ಷ ಅದು ಒಂದು ಲಕ್ಷಕ್ಕೆ ಏರಿತು, 1995ರಲ್ಲಿ ಮಿತಿಯನ್ನೇ ತೆಗೆದರು. ಅಲ್ಲಿಂದ ಮುಂದೆ ಅದು ಅಂಕಕ್ಕೆ ಕೊಡುವ ಸ್ಕಾಲರ್‌ಶಿಪ್, ಬಡತನಕ್ಕೆ ಕೊಡುವುದಲ್ಲ. ಲಾಟರಿ ಚೀಟಿ ಕೊಳ್ಳುವವರು ಯಾರು, ಸ್ಕಾಲರ್‌ಶಿಪ್ ಪಡೆಯುವವರು ಯಾರು ಎಂಬ ತಕರಾರು ಆಗಿನಿಂದ ಇಂದಿನವರೆಗೂ ಇದೆ. (ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು. ಆ ದುಡ್ಡಿನಲ್ಲಿ ಶಾಲೆ ನಡೆಸಬಹುದಿತ್ತಲ್ಲ ಎನ್ನುವವರು ಜಾರ್ಜಿಯಾದ ಲೆಕ್ಕವನ್ನೊಮ್ಮೆ ನೋಡಬೇಕು.)

ಸಿಕ್ಕ ಹೋಪ್ ಉಳಿಸಿಕೊಳ್ಳುವುದು ಇನ್ನೊಂದು ಪರೀಕ್ಷೆ. 4ಕ್ಕೆ 3ರ ಸರಾಸರಿ ಬೇಕು. 30, 60, 90 ಕ್ರೆಡಿಟ್ (ಒಂದೊಂದು ವಿಷಯದ ಓದನ್ನು ಅಳೆಯುವ ಲೆಕ್ಕ) ಮುಗಿದಾಗಲೆಲ್ಲ ತಪಾಸಣೆ. 2.98 ಬಂದರೂ ಹೋಯಿತು. ಅದೂ ಸಾಲದೆಂದು 127 ಕ್ರೆಡಿಟ್‌ಗಳ ಒಟ್ಟು ಮಿತಿ ಇದೆ. ಡಿಗ್ರಿಗೆ ಬೇಕಾದದ್ದು 120. ಎರಡು ವಿಷಯ ಫೇಲಾಗಿ ಮತ್ತೆ ತೆಗೆದುಕೊಂಡವರು, ಮಧ್ಯದಲ್ಲಿ ವಿಭಾಗ ಬದಲಿಸಿದವರು ಆ ಮಿತಿಯನ್ನು ಕೊನೆಯ ವರ್ಷದಲ್ಲೇ ಮುಟ್ಟುತ್ತಾರೆ.

2011ರಲ್ಲಿ ಲಾಟರಿ ಆದಾಯ ಸಾಲದೆ ಬಂದು, ಗವರ್ನರ್ ನೇಥನ್ ಡೀಲ್ ಕಾಲದಲ್ಲಿ ಹೋಪ್‌ಗೆ ಕತ್ತರಿ ಬಿತ್ತು. ಪೂರ್ತಿ ಶುಲ್ಕ ಮಾಫಿ ಅತಿ ಹೆಚ್ಚು ಅಂಕದವರಿಗೆ ಮಾತ್ರ ಉಳಿಯಿತು, ಅದಕ್ಕೆ ಝೆಲ್ ಮಿಲ್ಲರ್ ಹೆಸರಿಟ್ಟರು. ಉಳಿದವರಿಗೆ ಲಾಟರಿಯಲ್ಲಿ ಎಷ್ಟು ಬಂತೋ ಅದಕ್ಕೆ ತಕ್ಕಷ್ಟು ಭಾಗ. ಮೊದಲು ಸಿಗುತ್ತಿದ್ದ ಪುಸ್ತಕದ ಹಣ ಮತ್ತು ಬೋಧನೇತರ ಶುಲ್ಕ ಎರಡೂ ನಿಂತವು. ಅದೇ ಹೊತ್ತಿಗೆ ಕೇಂದ್ರ ಸರ್ಕಾರವೂ ಕೈ ಬಿಗಿಮಾಡಿತು. ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್ ಬೇಸಿಗೆ ತರಗತಿಗೂ ಸಿಗುತ್ತಿದ್ದದ್ದು 2011ರಲ್ಲಿ ರದ್ದಾಯಿತು. ಜೀವಮಾನದಲ್ಲಿ 18 ಸೆಮಿಸ್ಟರ್ ಇದ್ದ ಮಿತಿ 2012ರಲ್ಲಿ 12ಕ್ಕೆ ಇಳಿಯಿತು. ತಂದೆತಾಯಿ ಮಕ್ಕಳ ಓದಿಗೆಂದು ತೆಗೆಯುವ ಸಾಲದ ನಿಯಮವನ್ನು ಅದೇ 2011ರಲ್ಲಿ ಬಿಗಿಗೊಳಿಸಿದ್ದರಿಂದ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕೃತವಾದವು. ಅಟ್ಲಾಂಟಾದ ಕಪ್ಪು ಜನರ ಹಳೆಯ ಕಾಲೇಜುಗಳು ಆ ಹೊಡೆತದಿಂದ ತತ್ತರಿಸಿದವು.

ಜಾರ್ಜಿಯಾ ಸ್ಟೇಟ್‌ನಲ್ಲಿ ಆಗ ಬಡ ಕುಟುಂಬದ ಮಕ್ಕಳ ಪಾಲು ವರ್ಷವರ್ಷಕ್ಕೂ ಏರುತ್ತಿತ್ತು. ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೆಲ್ ಪಡೆಯುವವರಾದರು. ಆದಾಯ ನೋಡಿ ಕೊಡುವ ನೆರವು ರಾಜ್ಯ ಸರ್ಕಾರದಿಂದ ಇರಲೇ ಇಲ್ಲ ಎನ್ನಬಹುದು.

ಒಂದು ಬಿಲ್ಲಿನ ಲೆಕ್ಕ

ಇದನ್ನೆಲ್ಲ ಒಬ್ಬ ವಿದ್ಯಾರ್ಥಿನಿಯ ಬಿಲ್ಲಿಗೆ ಇಳಿಸಿ ನೋಡೋಣ. ಅವಳು ನಿಜವಾದ ವ್ಯಕ್ತಿಯಲ್ಲ; ಆದರೆ ನಿಯಮಗಳು ನಿಜ, ಮೊತ್ತಗಳು ಆ ಕಾಲದ ಆಸುಪಾಸಿನವು.

ಐದನೇ ವರ್ಷದ ಎರಡನೇ ಸೆಮಿಸ್ಟರ್, ಇದು ಮುಗಿದರೆ ಡಿಗ್ರಿ. ಬೋಧನಾ ಶುಲ್ಕ 3,700, ಇತರ ಕಡ್ಡಾಯ ಶುಲ್ಕ ಸಾವಿರ, ಒಟ್ಟು 4,700 ಡಾಲರ್. ಎರಡನೇ ವರ್ಷದಲ್ಲಿ ವಿಭಾಗ ಬದಲಿಸಿದ್ದರಿಂದ 127 ಕ್ರೆಡಿಟ್‌ಗಳ ಮಿತಿ ದಾಟಿದ್ದಾಳೆ, ಹೋಪ್ ಸೊನ್ನೆ. ಪೆಲ್ ಗ್ರಾಂಟಿನ ಗರಿಷ್ಠ ಮೊತ್ತ ವರ್ಷಕ್ಕೆ 5,550, ಈ ಸೆಮಿಸ್ಟರಿಗೆ ಅದರ ಅರ್ಧ 2,775. ಉಳಿದದ್ದು 1,925. ಸಾಲ? ತಂದೆತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಸಾಲ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500; ಎಲ್ಲ ಸೇರಿ 31,000 ಮೀರುವಂತಿಲ್ಲ. ನಾಲ್ಕು ವರ್ಷಕ್ಕೆ 27,000 ಆಗಿಹೋಗಿದೆ. ಉಳಿದ ನಾಲ್ಕು ಸಾವಿರದಲ್ಲಿ ಕಳೆದ ಸೆಮಿಸ್ಟರಿಗೆ ಮೂರು ಸಾವಿರ ತೆಗೆದಿದ್ದಾಳೆ. ಇನ್ನು ಸಿಗುವುದು ಸಾವಿರ. ಕಳೆದರೆ 925 ಡಾಲರ್ ಬಾಕಿ.

ಈ 925 ಅವಳ ಸೋಮಾರಿತನದಿಂದ ಬಂದದ್ದಲ್ಲ. ಒಂದೊಂದು ಯೋಜನೆಗೂ ಅದರದೇ ಮಿತಿ, ಮತ್ತು ಎಲ್ಲ ಮಿತಿಗಳೂ ಕೊನೆಯ ವರ್ಷದಲ್ಲೇ ಒಟ್ಟಿಗೆ ಬಂದು ಬೀಳುತ್ತವೆ. ದಡ ಹತ್ತಿರ ಬಂದಷ್ಟೂ ಹುಟ್ಟು ಹಾಕುವವರು ಒಬ್ಬೊಬ್ಬರಾಗಿ ದೋಣಿಯಿಂದ ಇಳಿದುಹೋದಂತೆ.

ಹೆಸರು ತೆಗೆದುಹಾಕಿದ ಮೇಲೆ ಆಗುವುದನ್ನೂ ನೋಡಬೇಕು. ಒಂದು ಸೆಮಿಸ್ಟರ್ ಬಿಟ್ಟು ದುಡಿದು ಬರುತ್ತೇನೆ ಎಂದುಕೊಂಡೇ ಎಲ್ಲರೂ ಹೊರಡುತ್ತಾರೆ. ಕಾಲೇಜು ಬಿಟ್ಟ ಆರು ತಿಂಗಳಿಗೆ ಸಾಲದ ಕಂತು ಶುರುವಾಗುತ್ತದೆ. ಕಂತು ಕಟ್ಟದೆ ಸುಸ್ತಿಯಾದರೆ ಮತ್ತೆ ಕೇಂದ್ರದ ನೆರವು ಸಿಗದು. ಅಂದರೆ 925 ಡಾಲರ್ ಇಲ್ಲದೆ ಹೊರಬಿದ್ದವಳು ಮುಂದಿನ ವರ್ಷ ವಾಪಸ್ ಬರಬೇಕಾದರೆ ಅದಕ್ಕಿಂತ ಹೆಚ್ಚು ಹಣ ಹೊಂದಿಸಬೇಕು. ಕೈಯಲ್ಲಿ ಡಿಗ್ರಿ ಇಲ್ಲ, ತಲೆಯ ಮೇಲೆ ಮೂವತ್ತು ಸಾವಿರ ಸಾಲ.

ಈಗ ಇದೇ ಬಿಲ್ಲನ್ನು ವಿಶ್ವವಿದ್ಯಾಲಯದ ಕಡೆಯಿಂದ ನೋಡಿ. ಅವಳು ಹೊರಹೋದರೆ ಪೆಲ್ ಮತ್ತು ಸಾಲದಿಂದ ಬರಬೇಕಿದ್ದ 3,775 ಡಾಲರ್ ಕೂಡ ಹೋಗುತ್ತದೆ. ತರಗತಿ ಹೇಗೂ ನಡೆಯುತ್ತಿದೆ, ಮೇಷ್ಟರಿಗೆ ಸಂಬಳ ಹೇಗೂ ಕೊಡಬೇಕು, ಒಂದು ಕುರ್ಚಿ ಖಾಲಿ ಬಿಟ್ಟರೆ ಉಳಿತಾಯವೇನೂ ಇಲ್ಲ. 925 ಹಾಕಿದರೆ 3,775 ಬರುತ್ತದೆ. ಈ ಯೋಜನೆಯ ಮುಂಚೂಣಿಯಲ್ಲಿದ್ದವರು ತಿಮೋತಿ ರೆನಿಕ್, ಮೂಲತಃ ಧರ್ಮಗಳ ಅಧ್ಯಯನದ ಪ್ರಾಧ್ಯಾಪಕರು. ಓದು ಬಿಡದೆ ಉಳಿಯುವ ವಿದ್ಯಾರ್ಥಿಗಳ ಪ್ರಮಾಣ ಶೇ. 1ರಷ್ಟು ಏರಿದರೆ ವರ್ಷಕ್ಕೆ 30 ಲಕ್ಷ ಡಾಲರಿಗೂ ಹೆಚ್ಚು ಆದಾಯ ಉಳಿಯುತ್ತದೆ ಎಂಬ ಲೆಕ್ಕವನ್ನು ವಿಶ್ವವಿದ್ಯಾಲಯವೇ ಮುಂದಿಟ್ಟಿತು. ಇದು ದಾನ ಎಂದು ಹೇಳಿಕೊಂಡಿದ್ದರೆ ಎರಡನೇ ವರ್ಷಕ್ಕೇ ನಿಂತುಹೋಗುತ್ತಿತ್ತೇನೋ. ಖಜಾಂಚಿಗೂ ಒಪ್ಪಿಗೆಯಾಗುವ ಲೆಕ್ಕವಿದ್ದದ್ದರಿಂದ ಬೆಳೆಯಿತು ಎಂದು ನನಗೆ ಅನಿಸುತ್ತದೆ.

ಅರ್ಜಿಯೇ ಇಲ್ಲ

ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ ಇದು. ಪ್ಯಾಂಥರ್ ಗ್ರಾಂಟಿಗೆ ವಿದ್ಯಾರ್ಥಿ ಅರ್ಜಿ ಹಾಕಬೇಕಾಗಿರಲಿಲ್ಲ. ಹೊರಬೀಳಲಿರುವವರ ಪಟ್ಟಿಯನ್ನು ಸಿಬ್ಬಂದಿಯೇ ಪರಿಶೀಲಿಸುತ್ತಿದ್ದರು. ಬೇರೆಲ್ಲ ನೆರವು ಬಳಸಿಯಾಗಿದೆಯೇ? ಮನೆಯ ಸ್ಥಿತಿಯ ಪ್ರಕಾರ ನಿಜಕ್ಕೂ ಕೊರತೆ ಇದೆಯೇ? ಡಿಗ್ರಿಯ ದಾರಿಯಲ್ಲಿ ಸರಿಯಾಗಿ ಸಾಗುತ್ತಿದ್ದಾರೆಯೇ? ಮೂರಕ್ಕೂ ಹೌದೆಂದಾದರೆ ವಿಶ್ವವಿದ್ಯಾಲಯವೇ ಸಂಪರ್ಕಿಸಿ ನಿನ್ನ ಬಾಕಿ ತುಂಬುತ್ತೇವೆ, ತರಗತಿ ಬಿಡಬೇಡ ಎನ್ನುತ್ತಿತ್ತು. ಹಣ ನೇರ ಫೀಸಿನ ಖಾತೆಗೆ. ಬದಲಿಗೆ ವಿದ್ಯಾರ್ಥಿ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು, ಹಣಕಾಸು ಸಲಹೆಗಾರರ ಜೊತೆ ಕೂತು ಡಿಗ್ರಿ ಮುಗಿಯುವವರೆಗಿನ ಖರ್ಚಿಗೆ ದಾರಿ ಹುಡುಕಿಕೊಳ್ಳಬೇಕು. ಸರಾಸರಿ ಗ್ರಾಂಟ್ ಸುಮಾರು 900 ಡಾಲರ್.

ಇದನ್ನು ಓದುವಾಗ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ನಮ್ಮ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಕಣ್ಣಮುಂದೆ ಬರದೆ ಇರುವುದಿಲ್ಲ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಕಾಲೇಜಿನಲ್ಲಿ ಇ-ದೃಢೀಕರಣ, ಹೆಸರಿನ ಕಾಗುಣಿತ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಆಧಾರಿಗೂ ತಾಳೆಯಾಗಬೇಕು. ಸೈಬರ್ ಸೆಂಟರಿಗೆ ಅಲೆದು ಅಲೆದು ಅರ್ಜಿ ಹಾಕಿದರೂ ಹಣ ಖಾತೆಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ಆ ವರ್ಷದ ಪರೀಕ್ಷೆಯೇ ಮುಗಿದಿರುತ್ತದೆ. ಸರ್ಕಾರದ ಪುಸ್ತಕದಲ್ಲಿ ಅದು ನೆರವು ಕೊಟ್ಟ ವಿದ್ಯಾರ್ಥಿ. ಕಾಲೇಜಿನ ಕೌಂಟರಿನಲ್ಲಿ ಅದೇ ಹುಡುಗ ಬಾಕಿದಾರ. ಎರಡೂ ನಿಜ. ಎರಡರ ನಡುವಿನ ಆ ಕೆಲವು ತಿಂಗಳುಗಳನ್ನು ಬಡ್ಡಿ ಸಾಲವೋ ಅಮ್ಮನ ಓಲೆಯೋ ತುಂಬಬೇಕು, ತುಂಬದಿದ್ದರೆ ಓದು ನಿಂತಿತು.

ಅರ್ಜಿ ಕೇಳಿದ ಕ್ಷಣದಲ್ಲೇ ಒಂದು ಸೋಸುವಿಕೆ ಆಗಿಹೋಗುತ್ತದೆ. ಯಾರನ್ನು ಕೇಳಬೇಕು, ಯಾವ ಬಾಗಿಲು ತಟ್ಟಬೇಕು ಎಂದು ಗೊತ್ತಿರುವವರು ಬರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ನಾಚಿಕೆಯಿಂದ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಜಾರ್ಜಿಯಾ ಸ್ಟೇಟ್ ಆ ಸೋಸುವಿಕೆಯನ್ನು ತಪ್ಪಿಸಿತು.

ಇದಕ್ಕೆ ಮುಂಚಿನ ಒಂದು ಪ್ರಯೋಗ

2008ರಲ್ಲೇ ಅಲ್ಲಿ ಚಿಕ್ಕದೊಂದು ಯೋಜನೆ ಶುರುವಾಗಿತ್ತು. ಹೋಪ್ ಉಳಿಸಿಕೊಂಡವರಲ್ಲಿ ಶೇ. 60ರಷ್ಟು ಜನ ಡಿಗ್ರಿ ಮುಗಿಸುತ್ತಿದ್ದರು, ಕಳೆದುಕೊಂಡವರಲ್ಲಿ ಶೇ. 20ರ ಹತ್ತಿರ. ಈ ಅಂತರ ನೋಡಿ ಎಲ್ಲವನ್ನೂ ಹಣದ ಮೇಲೆ ಹಾಕುವುದು ತಪ್ಪಾಗುತ್ತದೆ, ಅಂಕ ಇಳಿದದ್ದರಿಂದಲೇ ಅವರು ಹೋಪ್ ಕಳೆದುಕೊಂಡದ್ದು. ಆದರೆ ಸರಾಸರಿ 2.75ರಿಂದ 2.99ರ ನಡುವೆ ಸಿಕ್ಕಿಹಾಕಿಕೊಂಡವರು ಓದಿನಲ್ಲಿ ತೀರಾ ಹಿಂದಿರಲಿಲ್ಲ, ಕೂದಲೆಳೆಯಲ್ಲಿ ಹೋಪ್ ಕಳೆದುಕೊಂಡವರು. ಅಂಥವರಿಗೆ ಎರಡು ಸೆಮಿಸ್ಟರ್ ತಲಾ 500 ಡಾಲರ್ ಕೊಟ್ಟು, ಕಾರ್ಯಾಗಾರ ಮತ್ತು ಸಲಹೆಗಾರರ ಭೇಟಿ ಕಡ್ಡಾಯ ಮಾಡಿದರು. ಹೋಪ್ ಮರಳಿ ಗಳಿಸಿದರೆ ಸಾವಿರಾರು ಡಾಲರ್ ರಾಜ್ಯದಿಂದಲೇ ಬರುತ್ತದೆ. ಸಣ್ಣ ಮೊತ್ತವನ್ನು ಸರಿಯಾದ ಕೀಲಿಗೆ ಹಾಕುವ ಅಭ್ಯಾಸ ಆಗಲೇ ಕೈಗೆ ಹತ್ತಿತ್ತು ಅನ್ನಬೇಕು.

ಎಷ್ಟು ನಂಬಬಹುದು

ಕೆಲವೇ ವರ್ಷಗಳಲ್ಲಿ ಪ್ಯಾಂಥರ್ ಗ್ರಾಂಟ್ ವರ್ಷಕ್ಕೆ ಸುಮಾರು ಎರಡು ಸಾವಿರ ಜನರಿಗೆ ಹೋಗುವಷ್ಟು ಬೆಳೆಯಿತು. ವಿಶ್ವವಿದ್ಯಾಲಯದ ಒಂದು ವರ್ಷದ ಲೆಕ್ಕದಲ್ಲಿ, ಗ್ರಾಂಟ್ ಪಡೆದ ಕೊನೆಯ ವರ್ಷದವರಲ್ಲಿ ಶೇ. 61ರಷ್ಟು ಜನ ಎರಡು ಸೆಮಿಸ್ಟರಿನೊಳಗೆ ಡಿಗ್ರಿ ಪಡೆದರು. ಆರು ವರ್ಷದೊಳಗೆ ಡಿಗ್ರಿ ಮುಗಿಸುವವರ ಪ್ರಮಾಣ 2003ರಲ್ಲಿ ಶೇ. 32 ಇದ್ದದ್ದು ಸುಮಾರು ಒಂದು ದಶಕದಲ್ಲಿ ಶೇ. 54ಕ್ಕೆ ಏರಿತು. ಅಮೆರಿಕದಲ್ಲಿ ಅಪರೂಪವಾದ ಇನ್ನೊಂದು ಸಂಗತಿಯೂ ಘಟಿಸಿತು: ಕಪ್ಪು, ಲ್ಯಾಟಿನೋ ಮತ್ತು ಬಡ ವಿದ್ಯಾರ್ಥಿಗಳ ಪದವಿ ಪ್ರಮಾಣ ಒಟ್ಟು ಸರಾಸರಿಗೆ ಸಮವಾಯಿತು, ಕೆಲವೆಡೆ ಮೀರಿತು.

ಇಲ್ಲಿ ಸ್ವಲ್ಪ ತಡೆಯಬೇಕು. ಶೇ. 32ರಿಂದ 54ರ ಏರಿಕೆಯನ್ನು ಗ್ರಾಂಟಿನ ಖಾತೆಗೆ ಬರೆಯುವವರನ್ನು ನಂಬಬಾರದು. ಗ್ರಾಂಟ್ ಶುರುವಾದ 2011ಕ್ಕೆ ಮುಂಚೆಯೇ ಆ ಏರಿಕೆ ಶುರುವಾಗಿತ್ತು. 2012ರಲ್ಲಿ ಅಲ್ಲಿ ಹೊಸ ಸಲಹಾ ವ್ಯವಸ್ಥೆ ಬಂತು: ಹಳೆಯ ವಿದ್ಯಾರ್ಥಿಗಳ ದಾಖಲೆ ನೋಡಿ ಸುಮಾರು 800 ಬಗೆಯ ಎಚ್ಚರಿಕೆಗಳನ್ನು ಗುರುತಿಸಿ, ಅವುಗಳಲ್ಲಿ ಯಾವುದಾದರೂ ಕಂಡರೆ ಸಲಹೆಗಾರರು ತಾವೇ ಕರೆದು ಮಾತಾಡಿಸುವುದು. ಅದಕ್ಕಾಗಿ 40ಕ್ಕೂ ಹೆಚ್ಚು ಸಲಹೆಗಾರರನ್ನು ಹೊಸದಾಗಿ ನೇಮಿಸಿದರು. ಹಣ, ಸಲಹೆ, ಎಚ್ಚರಿಕೆ ಎಲ್ಲ ಒಟ್ಟಿಗೆ ನಡೆಯುವಾಗ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ.

ಇಥಾಕಾ ಎಸ್ ಪ್ಲಸ್ ಆರ್ ಸಂಶೋಧನಾ ಸಂಸ್ಥೆ 2022ರಲ್ಲಿ ಗ್ರಾಂಟನ್ನೇ ಪ್ರತ್ಯೇಕವಾಗಿ ತೂಗಿ ನೋಡಿತು. ಕೊನೆಯ ವರ್ಷದವರ ಮಟ್ಟಿಗೆ ಫಲ ಸ್ಪಷ್ಟವಾಗಿತ್ತು: ಡಿಗ್ರಿ ಬೇಗ, ಸಾಲ ಕಡಿಮೆ, ವಿಶ್ವವಿದ್ಯಾಲಯಕ್ಕೂ ಹಾಕಿದ್ದಕ್ಕಿಂತ ಹೆಚ್ಚು ವಾಪಸ್.

ಆದರೆ ಇದೇ ಮಾದರಿಯ ಗ್ರಾಂಟನ್ನು 11 ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಲಾಟ್ ಎತ್ತಿ ಹಂಚಿ, ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದ ಇನ್ನೊಂದು ದೊಡ್ಡ ಅಧ್ಯಯನ ಇದೆ. ಪದವಿ ಮುಗಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಜಾರ್ಜಿಯಾ ಸ್ಟೇಟ್‌ನ ಕಥೆ ಹೇಳುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು.

ಎರಡೂ ಸರಿಯಾಗಿರಲು ಸಾಧ್ಯ ಎಂದೇ ನನ್ನ ಅಂದಾಜು. ಕೊನೆಯ ವರ್ಷದವರು, ಹಣದ ಕೊರತೆ ಇರುವವರು ಎಂದು ಗುರುತಿಸಿ ಸಾವಿರ ಡಾಲರ್ ಕೊಟ್ಟರೆ, ಅವರಲ್ಲಿ ಬಹುಪಾಲು ಜನ ಹೇಗಾದರೂ ಮಾಡಿ ಓದು ಮುಗಿಸುವವರೇ ಆಗಿರುತ್ತಾರೆ. ಹಣ ಅವರ ಕಷ್ಟವನ್ನು ಹಗುರ ಮಾಡುತ್ತದೆ, ಅದೇನು ಸಣ್ಣ ಮಾತಲ್ಲ, ಆದರೆ ಪದವಿಯ ಸಂಖ್ಯೆ ಏರುವುದಿಲ್ಲ. ಸಂಖ್ಯೆ ಏರಬೇಕಾದರೆ ಈ ಮೊತ್ತವೊಂದಿಲ್ಲದಿದ್ದರೆ ನಾಳೆ ಬೆಳಿಗ್ಗೆ ಹೊರಬೀಳುವವರನ್ನೇ ಹಿಡಿಯಬೇಕು. ಜಾರ್ಜಿಯಾ ಸ್ಟೇಟ್ ಕೆಲಸ ಶುರುಮಾಡಿದ್ದು ಅದೇ ಪಟ್ಟಿಯಿಂದ. ಬೇರೆ ಕಡೆ ಗ್ರಾಂಟನ್ನು ತೆಗೆದುಕೊಂಡರು, ಪಟ್ಟಿ ಓದುವ ಕೆಲಸವನ್ನು ಅಷ್ಟೇ ನಿಷ್ಠೆಯಿಂದ ತೆಗೆದುಕೊಂಡರೋ ಇಲ್ಲವೋ.

ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ 2007ರಿಂದ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ನಡೆಸುತ್ತಿರುವ ಅಸಾಪ್ ಯೋಜನೆಯನ್ನು ಇದರ ಪಕ್ಕಕ್ಕಿಡಬೇಕು. ಉಳಿದ ಫೀಸು ಮಾಫಿ, ಪುಸ್ತಕ, ಮೆಟ್ರೊ ಪಾಸು, ಕಡಿಮೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಸಲಹೆಗಾರರು, ಎಲ್ಲವೂ ಒಂದೇ ಕಟ್ಟಿನಲ್ಲಿ ಮೂರು ವರ್ಷ. ಲಾಟ್ ಎತ್ತಿ ಹೋಲಿಸಿದ ಅಧ್ಯಯನದಲ್ಲಿ ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಅಸಾಪ್‌ನಲ್ಲಿ ಶೇ. 40, ಹೊರಗೆ ಶೇ. 22. ಪ್ರತಿ ವಿದ್ಯಾರ್ಥಿಗೆ ಹೆಚ್ಚುವರಿ ಖರ್ಚು ಸುಮಾರು 16,000 ಡಾಲರ್, ಆದರೂ ಒಂದೊಂದು ಡಿಗ್ರಿಗೆ ಬೀಳುವ ವೆಚ್ಚ ಇಳಿಯಿತು. ಮೊದಲ ದಿನದಿಂದ ಕೈಹಿಡಿಯುವುದಕ್ಕೂ ಕೊನೆಯ ದಿನ ಬೀಳದಂತೆ ಹಿಡಿಯುವುದಕ್ಕೂ ಇರುವ ಬೆಲೆಯ ವ್ಯತ್ಯಾಸ ಅದು.

ಯಾರಿಗೆ ಸಿಗಲಿಲ್ಲ

ಸಾವಿರ ಹೆಸರಿನ ಪಟ್ಟಿಯಲ್ಲಿ ಐದು ಸಾವಿರ ಡಾಲರ್ ಬಾಕಿ ಇರುವವನೂ ಇರುತ್ತಾನೆ. ಅಂಕ ಕಡಿಮೆ, ಮೊದಲ ವರ್ಷ, ರಾತ್ರಿಯೆಲ್ಲ ಗೋದಾಮಿನಲ್ಲಿ ದುಡಿದು ಬೆಳಿಗ್ಗೆ ತರಗತಿಗೆ ಬರುವವನು. ಅವನು ಡಿಗ್ರಿಯ ದಾರಿಯಲ್ಲಿ ಸರಿಯಾಗಿ ಸಾಗುತ್ತಿಲ್ಲ, ಹಾಗಾಗಿ ಗ್ರಾಂಟಿಗೆ ಅರ್ಹನಲ್ಲ. ಯಾಕೆ ಸಾಗುತ್ತಿಲ್ಲ ಎಂದರೆ ಬಹುಶಃ ಹಣವಿಲ್ಲದ್ದರಿಂದಲೇ. ಸೀಮಿತ ಹಣದಲ್ಲಿ ಗೆಲ್ಲುವ ಸಾಧ್ಯತೆ ಇರುವವರನ್ನು ಆರಿಸುವುದು ವಿಶ್ವವಿದ್ಯಾಲಯದ ಮಟ್ಟಿಗೆ ವಿವೇಕ. ಅದನ್ನೇ ಇಡೀ ರಾಜ್ಯದ ನೀತಿ ಮಾಡಿಕೊಂಡರೆ ಅತಿ ಬಡವರು ಯಾವ ಲೆಕ್ಕಕ್ಕೂ ಸಿಗದೆ ಹೋಗುತ್ತಾರೆ.

ಜಾರ್ಜಿಯಾ ಕೊನೆಗೂ ಹೋದದ್ದು ಅದೇ ದಾರಿಗೆ. 2022ರಲ್ಲಿ ರಾಜ್ಯ ಶಾಸನಸಭೆ ಕಾಲೇಜು ಮುಗಿಸುವವರಿಗೆಂದು ಗ್ರಾಂಟ್ ಮಂಜೂರು ಮಾಡಿತು. ಆಗಿನ ನಿಯಮದ ಪ್ರಕಾರ ಡಿಗ್ರಿಯ ಶೇ. 80ರಷ್ಟು ಮುಗಿಸಿರಬೇಕಿತ್ತು, ಬಾಕಿ ಉಳಿದಿರಬೇಕಿತ್ತು, ಒಬ್ಬರಿಗೆ ಒಟ್ಟು 2,500 ಡಾಲರ್ ಮೀರುವಂತಿರಲಿಲ್ಲ. ಆಮೇಲಿನ ವರ್ಷ ಹೋಪ್ ಮತ್ತೆ ಪೂರ್ತಿ ಬೋಧನಾ ಶುಲ್ಕ ಕೊಡುವ ಮಟ್ಟಕ್ಕೆ ಬಂತು. ಅದಕ್ಕೂ ಆದಾಯದ ಮಿತಿ ಇಲ್ಲ, 2011ರಲ್ಲಿ ಕತ್ತರಿಸಿದ ಪುಸ್ತಕದ ಹಣ ಮತ್ತು ಬೋಧನೇತರ ಶುಲ್ಕ ಅದರಲ್ಲಿ ಸೇರಿಲ್ಲ. ಆ ಗ್ರಾಂಟಿಗೆ ಬೇಕಾದ ಮಟ್ಟ ಮುಟ್ಟದವರು ಫೀಸಿನ ಗಡುವಿನ ದಿನ ಎಷ್ಟು ಬಾಕಿ ಉಳಿಸಿಕೊಂಡಿರುತ್ತಾರೆ ಎಂಬುದು ಈಗಲೂ ಆಯಾ ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ಗೊತ್ತಿರುವ ಸಂಗತಿ.